ಸರಿ ಹೇಳಿದವರು ಹೊಡೆಯಬೇಕು

ಶಿವಮೂರ್ತಪ್ಪ ಮೇಷ್ಟರಿಗೆ ಸಾಕುಸಾಕಾಗಿ ಹೋಗಿತ್ತು. ಇಂಗ್ಲಿಷ್ ಸಾಕಾಗಿತ್ತು ಅಂತಲ್ಲ, ಇಂಗ್ಲಿಷಿನ ತಪ್ಪುಗಳು ಸಾಕಾಗಿದ್ದವು. ತಪ್ಪಾದರೂ ಹೊಸ ಹೊಸದು ಮಾಡಿದ್ದರೆ ಒಂದು ಮಾತು! ಅಜ್ಜಂಪುರದಲ್ಲಿ ಕೆಲಸಕ್ಕೆ ಸೇರಿದ ವರ್ಷ ಯಾವ ಪದಗಳನ್ನು ತಿದ್ದಿದರೋ, ತರೀಕೆರೆಯಲ್ಲಿ ಹಾರ ಹಾಕಿಸಿಕೊಂಡು ರಿಟೈರಾದ ವರ್ಷವೂ ಅವೇ ಪದಗಳನ್ನು ತಿದ್ದಿದರು. ಅಪ್ಪ ತಪ್ಪು ಬರೆದು ಹೋದದ್ದನ್ನು ಮಗ ಬಂದು ಅದೇ ಜಾಗದಲ್ಲಿ ಅದೇ ಥರ ತಪ್ಪು ಬರೆದ. ರಿಸೀವ್ ಅಂದರೆ ಐ ಮುಂದೆ ನುಗ್ಗುತ್ತದೆ, ಇ ಹಿಂದೆ ಬೀಳುತ್ತದೆ. ಫೆಬ್ರವರಿಯ ನಡುವೆ ಒಂದು ಆರ್ ಇದೆ ಅಂತ ಅವರು ಬಡಕೊಂಡದ್ದೇ ಬಂತು, ಅದನ್ನು ಬರೆದ ನರಪಿಳ್ಳೆಯನ್ನು ಈ ಸೀಮೆಯಲ್ಲಿ ಅವರು ಕಂಡಿರಲಿಲ್ಲ.

ರಿಟೈರಾಗಿ ಸ್ವಂತ ಊರು ಕಡೂರಿಗೆ ಬಂದು ಮನೆಯಲ್ಲಿ ಕೂತರೆ, ಹೆಂಡತಿ ತೀರ್ಥಮ್ಮ ಸ್ವಲ್ಪ ದಿನಕ್ಕೇ ಕೈಮುಗಿದಳು. "ನಾನು ಬಾಯಿ ಬಿಟ್ರೆ ತಪ್ಪು ಹುಡುಕ್ತೀರ. ಎಲ್ಲಾದ್ರೂ ಹೋಗಿ ಪಾಠ ಮಾಡ್ಕೊಳ್ರೀ, ನಿಮ್ಮ ದಮ್ಮಯ್ಯ" ಅಂದಳು. ಹಾಗೆ ಎಂಬತ್ತೊಂದನೇ ಇಸವಿಯಲ್ಲಿ, ಬಸ್ ಸ್ಟ್ಯಾಂಡಿನ ಎದುರು, ಮಹಬೂಬ್ ಸಾಬರ ಸೈಕಲ್ ಶಾಪಿನ ಮಹಡಿಯಲ್ಲಿ ಟ್ಯುಟೋರಿಯಲ್ ಶುರುವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಮಗುಚಿಕೊಂಡವರಿಗೆ, ಅಕ್ಟೋಬರಿನ ಪರೀಕ್ಷೆಗೆ, ಬೆಳಗಿನ ಹೊತ್ತು ಪಾಠ.

ಸಾಬರ ಅಂಗಡಿಯ ಬೋರ್ಡಿನಲ್ಲೇ ಇಂಗ್ಲಿಷಿನಲ್ಲಿ ಬರೆಸಿದ್ದ ರಿಪೇರಿ ಅನ್ನುವ ಪದದಲ್ಲಿ ಒಂದು ಅಕ್ಷರ ನಾಪತ್ತೆಯಾಗಿತ್ತು. ಮೊದಲ ದಿನ ಮೇಷ್ಟರು ತೋರಿಸಿದರು. ಸಾಬರು ಚಕ್ರ ತಿರುಗಿಸುತ್ತಲೇ, "ಅದನ್ನ ನೋಡಿ ಪಂಕ್ಚರ್ ಹಾಕಿಸ್ದೆ ವಾಪಸ್ ಹೋದೋನು ಯಾರಾದ್ರೂ ಉಂಟಾ ಮೇಷ್ಟ್ರೇ?" ಅಂದರು. ಎರಡನೇ ದಿನ ಮೇಷ್ಟರು ಬೋರ್ಡಿನ ಕಡೆ ನೋಡದೆ ಮೆಟ್ಟಿಲು ಹತ್ತಿದರು. ಮೊದಲಾಗಿದ್ದರೆ ತಾವೇ ಬಣ್ಣ ತಂದು ಬರೆಯುತ್ತಿದ್ದರು. ಈಗ ಅಷ್ಟು ತ್ರಾಣ ಇರಲಿಲ್ಲ.

ಪಾಠ ಮಾತ್ರ ಹಳೇ ಚಾಳಿಯಲ್ಲೇ ನಡೆಯಿತು. "ನೆಸೆಸರಿಗೆ ಒಂದೇ ಸಿ, ಎಸ್ ಎರಡು. ಒಂದು ಸೀರೆ, ಎರಡು ಸೆರಗು. ಯಾವ ಸೀರೆಗ್ರೋ ಎರಡು ಸೆರಗು ಅಂತ ಕೇಳಬೇಡಿ. ಇಂಗ್ಲಿಷಮ್ಮನ ಸೀರೆಗೆ ಇರುತ್ತೆ!" "ಪ್ರಿನ್ಸಿಪಾಲ್ ಅನ್ನೋದರ ಕೊನೆಗೆ ಪಿ ಎ ಎಲ್ ಬಂದ್ರೆ ಕಾಲೇಜಿನ ಯಜಮಾನ. ಪಿ ಎಲ್ ಇ ಬಂದ್ರೆ ನೀತಿ. ಎರಡೂ ಒಂದೇ ಕಡೆ ಇರಲೇಬೇಕು ಅಂತೇನಿಲ್ಲ." "ಲೂಸ್‌ಗೆ ಎರಡು ಓ ಹಾಕಿದ್ರೆ ಸಡಿಲ, ಒಂದೇ ಓ ಹಾಕಿದ್ರೆ ಕಳಕೊಳ್ಳೋದು. ಚಡ್ಡಿ ಸಡಿಲ ಆದ್ರೂ ಪರವಾಗಿಲ್ಲ ಕಣ್ರಪ್ಪಾ, ಕಳಕೋಬೇಡಿ." ಈ ಮಾತುಗಳನ್ನೆಲ್ಲ ಅವರು ಅಜ್ಜಂಪುರದಲ್ಲಿದ್ದಾಗಲೇ ಕಟ್ಟಿದ್ದರು. ಆಗ ಹೇಳುವಾಗ ತಮಗೇ ನಗು ಬರುತ್ತಿತ್ತು. ಈಗ ಹುಡುಗರು ನಕ್ಕರೆ, ಏನಕ್ಕೆ ನಕ್ಕರು ಅಂತ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಹಳೇ ಚಾಳಿಯಲ್ಲಿ ಇನ್ನೊಂದಿತ್ತು. ಮೇಷ್ಟರು ಒಂದು ಪದ ಕೊಡುತ್ತಾರೆ. ಸ್ಪೆಲ್ಲಿಂಗ್ ಹೇಳಿ ಅರ್ಥವನ್ನೂ ಹೇಳಬೇಕು. ತಪ್ಪು ಹೇಳಿದವರು ನಿಂತೇ ಇರಬೇಕು. ಕೊನೆಗೆ ಯಾರು ಸರಿ ಹೇಳುತ್ತಾರೋ ಅವರು ನಿಂತವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ, ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯಲ್ಲಿ ಕಪಾಳಕ್ಕೆ ಒಂದು ಬಿಡಬೇಕು. ಗೆಳೆಯ, ನೆಂಟ ಅಂತ ಮೆತ್ತಗೆ ತಟ್ಟಿದರೆ, ಹೇಗೆ ಹೊಡೆಯಬೇಕು ಅಂತ ಮೇಷ್ಟರು ಅವರ ಕಪಾಳದ ಮೇಲೇ ತೋರಿಸಿಕೊಡುತ್ತಿದ್ದರು. "ಸರಿ ಹೇಳಿದವರು ಹೊಡೆಯಬೇಕು, ತಪ್ಪು ಹೇಳಿದವರು ಹೊಡೆಸಿಕೊಳ್ಳಬೇಕು. ಇದರಲ್ಲಿ ಕೋಪ ತಾಪ ಏನೂ ಇಲ್ಲ" ಅನ್ನುವುದು ಅವರ ಮಾತು. ನಮ್ಮ ಕಡೆ ಸ್ಕೂಲು ಕಲಿತ ಯಾರ ಮೂಗನ್ನು ಕೇಳಿದರೂ ಈ ಕಥೆ ಹೇಳುತ್ತದೆ.

ಆದರೆ ಅದು ಮಕ್ಕಳ ಸ್ಕೂಲಿನ ಮಾತು. ಟ್ಯುಟೋರಿಯಲ್ಲಿಗೆ ಬರುತ್ತಿದ್ದವರಿಗೆ ಮೀಸೆ ಬಂದಿತ್ತು. ಒಬ್ಬಿಬ್ಬರಿಗೆ ಮದುವೆಯೂ ಆಗಿತ್ತು. "ದೊಡ್ಡೋರ ಮೂಗಿಗೆ ಕೈ ಹಾಕಿಸ್ಬೇಡಿ ಮೇಷ್ಟ್ರೇ, ಒಂದಿನ ಮೂಗು ಕೊಯ್ಸೋ ಕೆಲಸ ಆಗ್ತದೆ" ಅಂತ ಮಹಬೂಬ್ ಸಾಬರು ಟೀ ಕುಡಿಯುವಾಗ ಹೇಳಿದ್ದರು. ಮೇಷ್ಟರು ಕೇಳಿಸಿಕೊಳ್ಳಲಿಲ್ಲ. ಹೊಸ ಉಪಾಯ ಹುಡುಕುವುದಕ್ಕೆ ಯಾರಿಗೆ ಚೈತನ್ಯ ಇದೆ? ಬಾಯಿ ತಾನಾಗಿ ಪಾಠ ಹೇಳುತ್ತಿತ್ತು, ಕೈ ತಾನಾಗಿ ಬೋರ್ಡ್ ಒರೆಸುತ್ತಿತ್ತು.

ಜೂನ್‌ನಲ್ಲಿ ಒಂದು ದಿನ ಚೌಳಹಿರಿಯೂರಿನ ಬಸ್ಸಿನಿಂದ ಇಳಿದು ಕಾಶಮ್ಮ ಎಂಬಾಕೆ ಮಹಡಿ ಹತ್ತಿ ಬಂದಳು. ಹಿಂದೆ ಒಬ್ಬ ದಪ್ಪ ಕತ್ತಿನ ಗಂಡಸು, ಒಬ್ಬಳು ತೆಳ್ಳಗಿನ ಹುಡುಗಿ.

"ಇವ್ನು ನನ್ನ ತಮ್ಮ ಬೆನಕಪ್ಪ. ಇವ್ಳು ಮಗಳು ಮಲ್ಲಿಕಾಂಬ. ಇವ್ಳಪ್ಪ ಹೋದ್ಮೇಲೆ ನಮ್ಮ ಹೊಲ, ಮನೆ, ಎಲ್ಲಾ ನನ್ನ ತಮ್ಮನೇ ನೋಡ್ಕೊಂಡವ್ನೆ. ಇವ್ಳ್ನ ಅವ್ನಿಗೇ ಕೊಡೋದು ಅಂತ ಮಾತಾಗೈತೆ. ಇಬ್ರೂ ಇಂಗ್ಲೀಷ್‌ನಲ್ಲೇ ಫೇಲಾಗಿ ಕೂತವ್ರೆ ಮೇಷ್ಟ್ರೇ. ಅವ್ನು ಪಾಸಾದ್ರೆ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕ್ತಾನೆ. ಇದೇ ಕೊನೆ ಸಲ. ಪಾಸೋ ಫೇಲೋ, ಪರೀಕ್ಷೆ ಮುಗಿದ್ಮೇಲೆ ಮದುವೆ."

"ಹುಡುಗಿ?"

"ಅವ್ಳು ಪಾಸಾಗಿ ಯಾವ ರಾಜ್ಯ ಆಳ್ಬೇಕು? ಜೊತೆಗಿರ್ಲಿ ಅಂತ ಕಳಿಸ್ತೀನಿ."

ಮೇಷ್ಟರು ಕನ್ನಡಕ ಒರೆಸುತ್ತಾ "ಆಗಲಿ, ಆಗಲಿ" ಅಂದರು. ಇಂಗ್ಲಿಷ್‌ನಲ್ಲಿ ಕೂತಿದ್ದಾರೆ ಅನ್ನುವುದೊಂದು ಕಿವಿಯೊಳಕ್ಕೆ ಹೋಯಿತು. ಮಿಕ್ಕಿದ್ದು ಹೊರಗೇ ಉಳಿಯಿತು. ಬರುವ ಅಪ್ಪಂದಿರು, ಅವ್ವಂದಿರು ಎಲ್ಲರೂ ಒಂದಲ್ಲ ಒಂದು ಪುರಾಣ ಹೇಳಿಯೇ ಹೋಗುತ್ತಿದ್ದರು, ಎಷ್ಟು ಅಂತ ನೆನಪಿಟ್ಟುಕೊಳ್ಳುವುದು?

ಬೆನಕಪ್ಪ ಹಿಂದಿನ ಬೆಂಚು ಹಿಡಿದ. ಮುಂಜಾನೆಯೇ ಒಂದು ಸುತ್ತು ಹೊಲದ ಕೆಲಸ ಮುಗಿಸಿ ಬರುತ್ತಿದ್ದ. ಕಾಲಲ್ಲಿ ಮಣ್ಣು ಇರುತ್ತಿತ್ತು, ಕಣ್ಣಲ್ಲಿ ನಿದ್ದೆ ಇರುತ್ತಿತ್ತು. ಒಳ್ಳೆಯ ಮನುಷ್ಯ. ತಲೆಯೂ ದಡ್ಡ ತಲೆಯಲ್ಲ, ಆದರೆ ಇಂಗ್ಲಿಷ್ ಅಕ್ಷರ ಕಂಡರೆ ಅವನ ನಾಲಿಗೆ ಎದ್ದು ಹೊರಡುತ್ತಲೇ ಇರಲಿಲ್ಲ. ಮಲ್ಲಿಕಾಂಬ ಕಿಟಕಿ ಪಕ್ಕದ ಬೆಂಚಿನಲ್ಲಿ, ಬೇರೆ ಹೆಣ್ಣುಮಕ್ಕಳ ಜೊತೆ ಕೂರುತ್ತಿದ್ದಳು. ಅವಳನ್ನು ಎಬ್ಬಿಸಿ ಕೇಳಿದರೆ ಮುಕ್ಕಾಲು ಪಾಲು "ಗೊತ್ತಿಲ್ಲ ಸಾ."

ಆಗಸ್ಟ್ ಹೊತ್ತಿಗೆ ಮೇಷ್ಟರು ಒಂದು ವಿಚಿತ್ರ ಕಂಡರು. ಹಿಂದಿನ ಬೆಂಚಿನವರು ಗ್ರಾಮರ್ ಅನ್ನುವ ಪದದ ಕೊನೆಯ ಅಕ್ಷರಗಳಲ್ಲಿ ಎಡವಿ ಬೀಳುತ್ತಿದ್ದಾಗ ಅವರ ಕಣ್ಣು ಸುಮ್ಮನೆ ಕಿಟಕಿಯತ್ತ ಹೋಯಿತು. ಮಲ್ಲಿಕಾಂಬಳ ತುಟಿ ಅಲ್ಲಾಡುತ್ತಿತ್ತು. ಪಿಸುಮಾತಿನಲ್ಲಿ ಉತ್ತರ ಹೇಳಿಕೊಡುವ ತುಟಿಗಳನ್ನು ಹಿಡಿದು ಹಿಡಿದು ಪಳಗಿದ ಕಣ್ಣು ಅವರದು. ಒಂದು ಅಕ್ಷರ ತಪ್ಪಿರಲಿಲ್ಲ. ಸರದಿ ಅವಳಿಗೆ ಬಂತು, ಎದ್ದು ನಿಂತಳು, "ಗೊತ್ತಿಲ್ಲ ಸಾ" ಅಂದಳು. ಆಮೇಲೆ ಮೇಷ್ಟರು ದಿನಾ ನೋಡತೊಡಗಿದರು. ಬೆನಕಪ್ಪನಿಗೆ ಬಂದದ್ದು ಇವಳಿಗೂ ಬರುತ್ತಿತ್ತು, ಅವನಿಗೆ ಬಾರದ್ದು ಇವಳಿಗೂ ಬರುತ್ತಿರಲಿಲ್ಲ. ತುಟಿಗೆ ಮಾತ್ರ ಎಲ್ಲವೂ ಬರುತ್ತಿತ್ತು.

ಅವರಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದವರ ಜೊತೆ ಗುದ್ದಾಡಿಯೇ ಆಯಸ್ಸು ಸವೆದಿದೆ, ಈಗ ಗೊತ್ತಿದ್ದೂ ಹೇಳದವಳು ಒಬ್ಬಳು ಬಂದು ಕೂತಿದ್ದಾಳೆ! ಇವಳು ಯಾಕೆ ಹೀಗೆ ಮಾಡುತ್ತಾಳೆ ಅಂತ ಒಂದು ಸಲ ಕರೆದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ದಣಿದ ಮನುಷ್ಯನಿಗೆ ಕೇಳುವ ವ್ಯವಧಾನ ಇರುವುದಿಲ್ಲ, ಸಿಟ್ಟೊಂದು ಸುಲಭವಾಗಿ ಬರುತ್ತದೆ.

ಹಾಗಿರುವಾಗ ಒಂದು ದಿನ ಕೊಟ್ಟ ಪದ ನೆಸೆಸರಿ. ಹಿಂದಿನ ಬೆಂಚಿನಿಂದ ಶುರುವಾಯಿತು. ಒಬ್ಬ ಎರಡು ಸಿ ಹಾಕಿದ, ಇನ್ನೊಬ್ಬ ಸಿ ಅನ್ನೇ ಬಿಟ್ಟ. ಬೆನಕಪ್ಪ ಎನ್ ಇ ಅಂತ ಹೊರಟು ಎಸ್‌ಗೆ ಬಂದು ನಿಂತುಬಿಟ್ಟ. "ಒಂದು ಸೀರೆ, ಎರಡು ಸೆರಗು ಅಂತ ಗಂಟಲು ಹರ್ಕೊಂಡ್ನಲ್ಲೋ!" ಅಂದರು ಮೇಷ್ಟರು. ಗಂಡಸರೆಲ್ಲ ನಿಂತರು. ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ನಿಂತರು. ಕೊನೆಗೆ ಮಲ್ಲಿಕಾಂಬ.

"ಗೊತ್ತಿಲ್ಲ ಸಾ."

ಮೇಷ್ಟರು ಮೇಜು ಗುದ್ದಿದರು. "ನಿನ್ನ ತುಟಿಗೆ ಗೊತ್ತು, ಬಾಯಿಗೆ ಗೊತ್ತಿಲ್ವಾ? ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ಎಷ್ಟು ದಿನದಿಂದ ನೋಡ್ತಿದೀನಿ ಈ ನಾಟಕಾನ! ಹೇಳೇ!"

ಅವಳು ತಿರುಗಿ ಬೆನಕಪ್ಪನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ಒಂದೇ ಉಸಿರಿಗೆ ಹೇಳಿದಳು: "ಎನ್ ಇ ಸಿ ಇ, ಎಸ್ ಎಸ್, ಎ ಆರ್ ವೈ. ಅದಿಲ್ದೆ ಆಗೋದೇ ಇಲ್ಲ ಅನ್ನೋವಂಥದ್ದು ಸಾ."

"ಹಾಂ! ಈಗ ಹೆಂಗೆ ಬಂತು? ನಡಿ, ಮೂಗು ಹಿಡಿ."

ಹೆಣ್ಣುಮಕ್ಕಳಿಗೆ ಹೊಡೆದಳು. ಗಂಡಸರ ಸಾಲಿಗೆ ಬಂದು ತಲೆ ತಗ್ಗಿಸಿಕೊಂಡೇ ಹೊಡೆದಳು. ಕೊನೆಗೆ ಬೆನಕಪ್ಪನ ಮುಂದೆ ನಿಂತು ಕೈ ಕೆಳಗೇ ಬಿಟ್ಟಳು. "ಬೇಡ ಸಾ" ಅಂದಳು.

"ನಿಯಮ ಅಂದ್ರೆ ನಿಯಮ."

ಅವಳು ಮೂಗು ಮುಟ್ಟಿ ಕೆನ್ನೆ ಸವರಿದಳು. "ಏನದು, ಸೊಳ್ಳೆ ಓಡಿಸ್ತಿದೀಯಾ? ಜೋರಾಗಿ ಹೊಡಿ. ಇಲ್ಲದಿದ್ರೆ ಹೆಂಗೆ ಅಂತ ನಾನು ತೋರಿಸ್ಬೇಕಾಗುತ್ತೆ!"

"ಹೊಡಿಯೇ, ಆಗೋಗ್ಲಿ ಅತ್ಲಾಗೆ" ಅಂದ ಬೆನಕಪ್ಪ, ಮೆಲ್ಲಗೆ.

ಹೊಡೆದಳು. ಕೆಳಗೆ ಸೈಕಲ್ ಶಾಪಿಗೂ ಕೇಳಿಸುವ ಹಾಗೆ ಹೊಡೆದಳು. ಪಂಚನಹಳ್ಳಿಯ ಒಬ್ಬ ತರಲೆ ಹಿಂದಿನಿಂದ, "ಏನ್ ಬೆನಕಪ್ಪಣ್ಣ, ತಾಳಿ ಕಟ್ಟೋಕೆ ಮುಂಚೇನೇ ಶುರುವಾಗೋಯ್ತಲ್ಲಪ್ಪಾ!" ಅಂದ. ಇಡೀ ರೂಮು ಹೋ ಅಂತ ನಕ್ಕಿತು. ಕಾಶಮ್ಮ ಜೂನ್‌ನಲ್ಲಿ ಹೇಳಿದ್ದ ಮದುವೆಯ ಮಾತು ಆಗ, ಆ ಗಳಿಗೆಯಲ್ಲಿ, ಮೇಷ್ಟರ ಕಿವಿಯೊಳಕ್ಕೆ ಬಂತು. ಬೆನಕಪ್ಪ ಟವೆಲು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಎಲ್ಲರೂ ಹೋದ ಮೇಲೆ ಮಲ್ಲಿಕಾಂಬ ಬಾಗಿಲ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ.

"ಎರಡು ಸಲ ಬೇಕಂತ್ಲೇ ಫೇಲಾದೆ ಸಾ. ಮಾವ ಕೂತಿರುವಾಗ ನೀನು ಪಾಸಾದ್ರೆ ಅವ್ನ ಮುಖ ಎಲ್ಲಿಡೋದು ಅಂತ ಅವ್ವ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ಲು. ಗೊತ್ತಿರೋದನ್ನೂ ಬರೀದೆ ಬಿಟ್ಟು ಬರ್ತಿದ್ದೆ. ಈ ಸಲ ಮಾತ್ರ ಯಾರಿಗೂ ಹೇಳ್ದೆ ಸರಿಯಾಗಿ ಬರ್ದುಬಿಡೋಣ ಅಂತಿದ್ದೆ. ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ಹಾಕ್ಬೋದು. ಮಾವ ಕೆಟ್ಟೋನಲ್ಲ ಸಾ. ಚಿಕ್ಕೋಳಿದ್ದಾಗ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗ್ಸಿದ್ದಾನೆ. ಅಂಥೋನ ಕೈಲಿ ಹೆಂಗೆ ಸಾ ತಾಳಿ ಕಟ್ಟಿಸ್ಕೊಳ್ಳೋದು? ಇನ್ನು ಅವ್ವ ಪರೀಕ್ಷೆಗೇ ಕಳಿಸಲ್ಲ ಬಿಡಿ."

ಮೇಷ್ಟರು ಡಸ್ಟರ್ ಹಿಡಿದುಕೊಂಡೇ ನಿಂತಿದ್ದರು. ಅವಳು ಹೋಗಿ ಎಷ್ಟೋ ಹೊತ್ತಾದ ಮೇಲೆ ಬೋರ್ಡ್ ಒರೆಸಿದರು. ಕೆಳಗೆ ಮಹಬೂಬ್ ಸಾಬರು, "ನಾನು ಹೇಳ್ಲಿಲ್ವಾ ಮೇಷ್ಟ್ರೇ?" ಅಂತ ಕೇಳಬಹುದು ಅಂದುಕೊಂಡರು. ಸಾಬರು ಏನೂ ಕೇಳದೆ ಟೀ ತರಿಸಿದರು. ಅದು ಇನ್ನೂ ಕಷ್ಟವಾಯಿತು.

ಮರುದಿನ ಇಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು, ಕಿಟಕಿ ಪಕ್ಕದ ಜಾಗ ಖಾಲಿಯೇ ಇತ್ತು. ಮೇಷ್ಟರಿಗೆ ಅನ್ನ ಸೇರದಾಯಿತು. ತಟ್ಟೆಯ ಮುಂದೆ ಕೂತರೆ ಆ ಏಟು ಕೇಳಿಸುತ್ತಿತ್ತು. ಕಲಿಯದವರಿಗೆ ಕಲಿಸುವುದಕ್ಕೆ ಅಂತ ಇದ್ದ ಮನುಷ್ಯ ತಾನು, ಕಲಿತವಳೊಬ್ಬಳು ಸಿಕ್ಕಿದರೆ ಅವಳ ದಾರಿಗೇ ಕಲ್ಲು ಹಾಕಿದೆನಲ್ಲ ಅಂತ ಸಂಕಟವಾಯಿತು. "ಹಿಂಗೆ ಕೂತ್ರೆ ಸರಿಹೋಗುತ್ತಾ? ಹೋಗಿ ಕ್ಷಮೆ ಕೇಳ್ಬನ್ನಿ" ಅಂದಳು ತೀರ್ಥಮ್ಮ. ಅವರು ಹೊಗೆ ಉಗುಳುವ ಬಸ್ಸು ಹತ್ತಿ ಚೌಳಹಿರಿಯೂರಿಗೆ ಹೊರಟರು. ಮಂಡಿ ನೋವು, ನಿಲ್ಲುವುದಕ್ಕೂ ಜಾಗವಿಲ್ಲ, ಪಕ್ಕದವನ ಈರುಳ್ಳಿ ಚೀಲ ಕಾಲ ಮೇಲೆ. ಇದೆಲ್ಲ ನನಗೆ ಆಗಬೇಕಾದ್ದೇ ಅಂದುಕೊಂಡರು.

ಕಾಶಮ್ಮ ಒಂದು ಚೊಂಬು ನೀರು ತಂದಿಟ್ಟಳು, ಕೂತುಕೊಳ್ಳಿ ಅನ್ನಲಿಲ್ಲ. ಬೆನಕಪ್ಪ ಜಗಲಿಯ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. ಒಳಗೆ ಒರಳಿನ ಸದ್ದು ಕೇಳುತ್ತಿತ್ತು.

"ಅವತ್ತಿಂದ ನನ್ನ ತಮ್ಮ ಈ ಮನೇಲಿ ಒಂದು ತುತ್ತು ಬಾಯಿಗಿಟ್ಟಿಲ್ಲ ಮೇಷ್ಟ್ರೇ. ಹೊಲದಲ್ಲೇ ಬೇಯಿಸ್ಕೊಂಡು ತಿಂತಾನೆ. ಊರೆಲ್ಲ ಆಡ್ಕೊಂಡು ನಗ್ತೈತೆ. ನೀವು ಓದ್ದೋರು, ದೊಡ್ಡೋರು. ಕಟ್ಕೊಳ್ಳೋ ಗಂಡನ ಕಪಾಳಕ್ಕೆ ಹೊಡೆಸೋದು ಯಾವ ಇಂಗ್ಲೀಷು?"

"ತಪ್ಪಾಯ್ತು ಕಣಮ್ಮ. ನಿನ್ನ ತಮ್ಮನ ಎದುರಿಗೇ ಹೇಳ್ತಿದೀನಿ, ನಂದೇ ತಪ್ಪು."

"ನಿಮ್ಮ ತಪ್ಪು ಕಟ್ಕೊಂಡು ನಾನೇನು ಮಾಡ್ಲಿ? ಅವ್ನು ಮುನಿಸ್ಕೊಂಡು ಬಿಟ್ಟೋದ್ರೆ ಹೊಲ ಯಾರು ಉಳ್ತಾರೆ? ಪರೀಕ್ಷೆಯೂ ಬೇಡ, ಮಣ್ಣೂ ಬೇಡ. ಅವ್ಳು ಇನ್ನು ಹೊಸ್ಲು ದಾಟಲ್ಲ."

ಒರಳಿನ ಸದ್ದು ನಿಂತಿತು. ಮೇಷ್ಟರು ಚೊಂಬು ಎತ್ತಿ ನೀರು ಕುಡಿದರು. ಹುಡುಗಿ ಜಾಣೆ, ಪಾಸಾಗುತ್ತಾಳೆ, ಕಳಿಸಿ ಅಂತ ಬೇಡಿಕೊಳ್ಳಬೇಕು ಅಂತಲೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಈ ಮನೆಯಲ್ಲಿ ನಿಂತು ನೋಡಿದರೆ ಆ ಮಾತೇ ಬಾಗಿಲಿಗೆ ಅಗುಳಿ ಹಾಕುವ ಮಾತು. ಅವಳು ಪಾಸಾಗುತ್ತಾಳೆ ಅನ್ನುವುದೇ ಇವರ ಭಯ.

"ಕಾಶಮ್ಮಾ, ಒಂದು ಮಾತು ಹೇಳ್ತೀನಿ" ಅಂದರು. "ಅವಳು ಪರೀಕ್ಷೆ ಬರೆದ್ರೂ ಪಾಸಾಗಲ್ಲ."

ಬೆನಕಪ್ಪನ ಕೈ ಹಗ್ಗದ ಮೇಲೆ ನಿಂತಿತು.

"ನಾನು ತಲೆ ಬೆಳ್ಳಗಾಗೋವರೆಗೂ ಇದೇ ಕೆಲಸ ಮಾಡಿದೀನಿ. ಯಾರು ಪಾಸು, ಯಾರು ಫೇಲು ಅನ್ನೋದು ಮುಖ ನೋಡಿದ್ರೇ ತಿಳಿಯುತ್ತೆ. ಅವತ್ತು ಏನೋ ಒಂದು ಬಾಯಿಗೆ ಬಂತು, ಹೇಳ್ಬಿಟ್ಳು. ಅಷ್ಟೇ. ತಲೇಲಿ ಏನೂ ಇಲ್ಲ. ಈಗ ನೀನು ಅವಳ್ನ ಮನೇಲಿ ಕೂಡಿ ಹಾಕಿದ್ರೆ ಊರಿನೋರು ಏನಂತಾರೆ? ಹುಡುಗಿ ಪಾಸಾಗೋಳು, ಬೆನಕಪ್ಪನ ಮಾನ ಉಳಿಸೋಕೆ ಬಚ್ಚಿಟ್ರು ಅಂತಾರೆ. ಆ ಏಟು ಇವನ ಕೆನ್ನೆ ಮೇಲೆ ಸಾಯೋವರೆಗೂ ಇರುತ್ತೆ. ಕಳಿಸು. ಇಬ್ಬರೂ ಒಟ್ಟಿಗೆ ಬರೀಲಿ. ಅವಳು ಫೇಲಾಗಲಿ, ಎಲ್ಲಾರಿಗೂ ಗೊತ್ತಾಗಲಿ. ಆಗ ಆ ಮಾತು ಅಲ್ಲಿಗೆ ಮುಗಿಯುತ್ತೆ."

ಜೀವಮಾನವೆಲ್ಲ ತಪ್ಪನ್ನು ಕಂಡಲ್ಲಿ ಕೆಂಪು ಗೀಟು ಎಳೆದ ಮನುಷ್ಯ, ತಪ್ಪು ಅಂತ ತಿಳಿದೂ ತಿಳಿದೂ ಇಷ್ಟುದ್ದದ ತಪ್ಪು ಹೇಳಿದ್ದು ಇದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ಮಲ್ಲಿಕಾಂಬ ಬಂದು ನಿಂತಿದ್ದಳು. ಕೈಯೆಲ್ಲ ಹಿಟ್ಟು. ಅವರನ್ನೇ ನೋಡುತ್ತಿದ್ದಳು. ಅಮ್ಮಾ, ಇದು ಸುಳ್ಳು, ನಿನ್ನನ್ನು ಹೊರಗೆ ತರುವುದಕ್ಕೆ ಹೇಳಿದ ಸುಳ್ಳು ಅಂತ ಒಂದು ಕಣ್ಸನ್ನೆ ಮಾಡಿದರೂ ಸಾಕಾಗಿತ್ತು. ಆದರೆ ಕಾಶಮ್ಮ ಮೇಷ್ಟರ ಮುಖದಿಂದ ಕಣ್ಣು ಕೀಳಲಿಲ್ಲ. ಹುಡುಗಿ ಕಣ್ಣು ತುಂಬಿಕೊಂಡು ಒಳಗೆ ಹೋದಳು.

"ಬರೀಲಿ ಬಿಡಕ್ಕ" ಅಂದ ಬೆನಕಪ್ಪ, ಹಗ್ಗ ನೋಡುತ್ತಲೇ.

ಕಡೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮೇಷ್ಟರಿಗೆ ನೆಮ್ಮದಿ ಸಿಗಲಿಲ್ಲ. ನಂಬಿಬಿಟ್ಟಳಲ್ಲ! ನಾನು ಏನೇನೋ ಅಂದುಕೊಂಡಿದ್ದೆ, ನನ್ನ ತಲೆಯಲ್ಲಿ ಏನೂ ಇಲ್ಲವಂತೆ ಅಂತ ಅವಳು ಕೈಚೆಲ್ಲಿ ಕೂತರೆ? ಬಾಗಿಲು ತೆಗೆಸಿದ್ದೇನೋ ಸರಿ, ಕಾಲು ಮುರಿದು ತೆಗೆಸಿದ ಹಾಗಾಯಿತಲ್ಲ. ಒಂದು ಮಾತು ತಿಳಿಸೋಣವೆಂದರೆ ದಾರಿಯಿರಲಿಲ್ಲ. ಅವಳು ಟ್ಯುಟೋರಿಯಲ್ಲಿಗೆ ಮತ್ತೆ ಬರಲಿಲ್ಲ.

ಪರೀಕ್ಷೆಯ ದಿನ ಮೇಷ್ಟರು ಬೆಳಿಗ್ಗೆಯೇ ಹೋಗಿ ಸ್ಕೂಲಿನ ಗೇಟಿನ ಹತ್ತಿರ ನಿಂತರು. ಮಾವ ಮುಂದೆ, ಸೊಸೆ ಹಿಂದೆ ಬಂದರು. ಹಿಂದಿನಿಂದ ಕಾಶಮ್ಮನೂ ಬಂದಳು, ಸೆರಗು ಬಿಗಿ ಮಾಡಿಕೊಂಡು, ಕಾವಲಿಗೆ ಬಂದವಳ ಥರ. ಮಲ್ಲಿಕಾಂಬ ಮೇಷ್ಟರ ಪಕ್ಕದಲ್ಲೇ ಹಾದುಹೋದಳು, ಮುಖ ಎತ್ತಲಿಲ್ಲ. ಅವರು ಬಿಸಿಲಲ್ಲಿ ಬೆಲ್ ಹೊಡೆಯುವವರೆಗೂ ನಿಂತಿದ್ದು ಮನೆಗೆ ಹೋಗಿ ಮಲಗಿಬಿಟ್ಟರು.

ರಿಸಲ್ಟ್ ಬರುವವರೆಗಿನ ದಿನಗಳನ್ನು ಅವರು ಹೇಗೆ ನೂಕಿದರೋ ಅವರಿಗೇ ಗೊತ್ತು. ಟ್ಯುಟೋರಿಯಲ್ಲಿಗೆ ಹೊಸಬರು ಬಂದರು. ಅದೇ ರಿಸೀವ್, ಅದೇ ಫೆಬ್ರವರಿ. ನೆಸೆಸರಿ ಬಂದಾಗ ಸೀರೆ ಸೆರಗಿನ ಮಾತು ಹೇಳದೆ ದಾಟಿಸಿದರು. ಮೂಗು ಹಿಡಿಸುವುದನ್ನು ಬಿಟ್ಟಿದ್ದರು. "ಏನು ಮೇಷ್ಟ್ರೇ, ಮೇಲಿಂದ ಸದ್ದೇ ಇಲ್ಲ?" ಅಂದರು ಮಹಬೂಬ್ ಸಾಬರು. "ಸದ್ದು ಸಾಕಾಯ್ತು ಸಾಬ್ರೇ" ಅಂದರು ಮೇಷ್ಟರು.

ಡಿಸೆಂಬರಿನಲ್ಲಿ ಒಂದು ದಿನ ಪಾಠ ಮುಗಿಸಿ ಮೆಟ್ಟಿಲಿಳಿದರೆ, ಸೈಕಲ್ ಶಾಪಿನ ಮುಂದೆ ಮಲ್ಲಿಕಾಂಬ ನಿಂತಿದ್ದಳು. ಒಳಗೆ ಸಾಬರ ಸ್ಟೂಲಿನ ಮೇಲೆ ಬೆನಕಪ್ಪ ಕೂತು ಬೀಡಿ ಸೇದುತ್ತಿದ್ದ. ಮೇಷ್ಟರು ಅವಳ ಹತ್ತಿರ ಹೋದರು.

"ಪಾಸಾದೆ ಸಾ" ಅಂದಳು. ದನಿಯಲ್ಲಿ ಸಂತೋಷಕ್ಕಿಂತ ಸಿಟ್ಟು ಜಾಸ್ತಿ ಇತ್ತು. "ನಿಮಗೆ ಹೇಳ್ಲೇಬೇಕು ಅಂತ ಬಂದೆ. ತಲೇಲಿ ಏನೂ ಇಲ್ಲ ಅಂದ್ರಲ್ಲ, ಆ ಸಿಟ್ಟಿಗೇ ಬರೆದೆ. ಒಂದೊಂದು ಪದಾನೂ ನಿಮ್ಮ ಮುಖಕ್ಕೆ ಎಸೆಯೋ ಥರ ಬರೆದೆ."

"ಅವನು?"

"ಮಾವ ಈ ಸಲಾನೂ ಕೂತ. ಅವ್ವ ಎರಡು ದಿನ ಅತ್ಲು. ಆಮೇಲೆ ಮಾವನೇ ಹೇಳ್ದ, ಊರೆದುರು ಹೊಡ್ದೋಳ್ನ ಕಟ್ಕೊಂಡು ದಿನಾ ಏಟು ತಿನ್ನೋಕೆ ನನಗಾಗಲ್ಲ ಅಕ್ಕ, ಟ್ರೈನಿಂಗ್‌ಗೆ ಕಳಿಸು, ಹೊಲ ನಾನು ಬಿಡಲ್ಲ ಅಂದ. ಈಗ ಅರ್ಜಿ ತಗೊಳ್ಳೋಕೆ ಅವ್ನೇ ಕರ್ಕೊಂಡ್ಬಂದ." ಅವಳು ತಲೆಯೆತ್ತಿ ಅವರನ್ನು ನೇರ ನೋಡಿದಳು. "ನೀವು ಯಾಕೆ ಸಾ ಹಂಗಂದ್ರಿ?"

ಮೇಷ್ಟರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬಸ್ ಸ್ಟ್ಯಾಂಡಿನ ಜನ ಓಡಾಡುತ್ತಿದ್ದರು. ಅವರ ನಡುವೆ, ರಸ್ತೆ ಬದಿಯಲ್ಲಿ, ಬೆನ್ನು ಬಗ್ಗಿಸಿ ಮುಖವನ್ನು ಅವಳ ಮುಂದೆ ಹಿಡಿದರು.

"ಮಲ್ಲಿಕಾಂಬ ಫೇಲಾಗ್ತಾಳೆ ಅಂತ ನಾನು ಹೇಳ್ದೆ. ಪಾಸಾಗ್ತೀನಿ ಅಂತ ನೀನು ಬರೆದೆ. ಯಾರದ್ದು ಸರಿ?"

"ಸಾ..."

"ಮೂಗು ಹಿಡಿ."

"ಅಯ್ಯೋ, ಬಿಡಿ ಸಾ! ಜನ ನೋಡ್ತಾವ್ರೆ!" ಅಂದವಳು ಫಕ್ಕನೆ ಅವರ ಬರಿಗಣ್ಣನ್ನು ನೋಡಿದಳು. "ಬೇಕಂತ್ಲೇ ತಪ್ಪು ಹೇಳಿದ್ರಾ ಸಾ?"

"ನೀನು ಹೇಳ್ತಿರ್ಲಿಲ್ವೇನಮ್ಮಾ, ಅದೇ ಥರ."

ಅವಳ ಮುಖ ಸೊಟ್ಟಗಾಗಿ ಕಣ್ಣೀರು ಹರಿಯಿತು. ಕೈ ಎತ್ತಿ ಮೇಷ್ಟರ ಮೂಗು ಹಿಡಿದಳು. ಇನ್ನೊಂದು ಕೈಯಿಂದ ಅವರ ಒಣಗಿದ ಕೆನ್ನೆಯನ್ನು ತಟ್ಟಿದಳು, ತಟ್ಟಿತೋ ಇಲ್ಲವೋ ಅನ್ನುವ ಹಾಗೆ.

ಸೈಕಲ್ ಶಾಪಿನ ಒಳಗಿಂದ ಬೆನಕಪ್ಪ ಬೀಡಿ ಎಸೆದು ಎದ್ದು ನಿಂತ. "ಏನೇ ಅದು, ಸೊಳ್ಳೆ ಓಡಿಸ್ತಿದೀಯಾ?" ಅಂತ ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದ. "ಜೋರಾಗ್ ಹೊಡಿಯೇ! ನಂಗೆ ಹೊಡ್ದಂಗೆ ಹೊಡಿ!"

ಹೊಡೆದಳು. ಶಿವಮೂರ್ತಪ್ಪ ಮೇಷ್ಟರು ಕೆನ್ನೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು, ಮೂವರಿಗೂ ಟೀ ಹೇಳಿ ಅಂತ ಮಹಬೂಬ್ ಸಾಬರಿಗೆ ಹೇಳಿದರು.